ಪ್ರತಿ ಮಗುವಿಗೂ 35 ನಿಮಿಷ: ಸ್ವಯಂಸೇವಕರೇ ನಡೆಸುವ ಮಕ್ಕಳ ಫುಟ್‌ಬಾಲ್ ಕ್ಲಬ್ಬಿನ ಒಂದು ಸೀಸನ್

ಸೀಸನ್ನಿನ ಮೊದಲ ಸಭೆಯಲ್ಲಿ ನಾವು ಹಲಗೆಯ ಮೇಲೆ ಬರೆಯುವುದು ಒಂದೇ ಲೆಕ್ಕ. ಮೈದಾನದಲ್ಲಿ ಒಂದು ಕಡೆಗೆ 7 ಮಕ್ಕಳು, 25 ನಿಮಿಷದ ಎರಡು ಅವಧಿ, ಒಟ್ಟು 50 ನಿಮಿಷ. ಏಳು ಐವತ್ತಲೆ 350. ತಂಡದಲ್ಲಿ 10 ಮಕ್ಕಳಿದ್ದರೆ ತಲೆಗೆ 35 ನಿಮಿಷ. ಕಾರ್ಯದರ್ಶಿ, ಖಜಾಂಚಿ, ಕೋಚ್, ಬೆಳಗ್ಗೆ ಬೇಗ ಎದ್ದು ಬಂದು ಗೆರೆ ಎಳೆಯುವವರು, ಆಟ ಮುಗಿದ ಮೇಲೆ ಬಲೆ ಬಿಚ್ಚುವವರು, ಇವರಲ್ಲಿ ಯಾರಿಗೂ ಸಂಬಳವಿಲ್ಲ. ಎಲ್ಲರೂ ದುಡಿಯುವುದು ಆ 35 ನಿಮಿಷ ಪ್ರತಿ ಮಗುವಿಗೂ ಪೂರ್ತಿ ಸಿಗಲಿ ಎಂದು. ನೋಂದಣಿ ಎಳೆದಾಡಿದರೆ, ಗೋಲುಪೆಟ್ಟಿಗೆ ಕಟ್ಟುವುದು ತಡವಾದರೆ, ರೆಫ್ರಿ ಕೈಕೊಟ್ಟರೆ, ಕತ್ತರಿ ಬೀಳುವುದು ಆ ನಿಮಿಷಗಳಿಗೇ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಆ ನಿಮಿಷಗಳನ್ನು ಕಾಪಾಡಿಕೊಳ್ಳುವ ಬಗೆ.

ನೋಂದಣಿಯನ್ನು ಆಟ ಶುರುವಾಗುವ 10 ವಾರ ಮೊದಲು ತೆರೆಯುತ್ತೇವೆ, 4 ವಾರ ಮೊದಲು ಮುಚ್ಚುತ್ತೇವೆ. ಮುಚ್ಚಿದ ಮೇಲೆ ಬಂದವರ ಹೆಸರು ಕಾಯುವ ಪಟ್ಟಿಗೆ ಹೋಗುತ್ತದೆ. ಯಾರಾದರೂ ಬಿಟ್ಟುಹೋದರೆ ಪಟ್ಟಿಯ ಮೊದಲ ಮಗುವಿಗೆ ಕರೆ. ಇದರಲ್ಲಿ ಸಡಿಲ ಬಿಡಲೇಬಾರದು. ತಂಡಗಳನ್ನು ಹಂಚಿಯಾದ ಮೇಲೆ ನಾಲ್ಕು ಮಕ್ಕಳನ್ನು ತುರುಕಿದರೆ, ಒಂದೊಂದು ತಂಡದಲ್ಲೂ ಉಳಿದವರ ನಿಮಿಷ ಕಡಿಮೆಯಾಗುತ್ತದೆ, ಜೆರ್ಸಿಯ ಅಳತೆ ತಪ್ಪುತ್ತದೆ, ವೇಳಾಪಟ್ಟಿ ಮತ್ತೆ ಬರೆಯಬೇಕಾಗುತ್ತದೆ.

ಅರ್ಜಿಯಲ್ಲಿ ಹುಟ್ಟಿದ ದಿನಾಂಕ, ತುರ್ತಿಗೆ ಎರಡು ಬೇರೆ ಬೇರೆ ಫೋನ್ ನಂಬರ್, ಆಸ್ತಮಾ, ಅಲರ್ಜಿ, ಮೂರ್ಛೆ ರೋಗದಂಥ ವಿವರ, ಆಟ ಮುಗಿದ ಮೇಲೆ ಮಗುವನ್ನು ಕರೆದೊಯ್ಯಲು ಯಾರಿಗೆ ಅನುಮತಿ ಇದೆ ಎಂಬುದು, ಫೋಟೊ ತೆಗೆಯಲು ಒಪ್ಪಿಗೆ, ಇಷ್ಟು ಇರಲೇಬೇಕು. ಆರೋಗ್ಯದ ವಿವರ ಕಚೇರಿಯ ಕಡತದಲ್ಲಿ ಕೂತರೆ ಪ್ರಯೋಜನವಿಲ್ಲ. ಆ ತಂಡದ ಕೋಚ್ ಕೈಗೆ ಒಂದು ಚೀಟಿಯಾಗಿ ತಲುಪಬೇಕು, ಬೇರೆ ಯಾರ ಕೈಗೂ ಸಿಗಬಾರದು. ಇನ್ಹೇಲರ್ ಬಳಸುವ ಮಗುವಿನ ಇನ್ಹೇಲರ್ ಮನೆಯಲ್ಲೋ ಗಾಡಿಯಲ್ಲೋ ಉಳಿಯದೆ ಗೆರೆಯ ಪಕ್ಕದ ಚೀಲದಲ್ಲಿ ಇದೆಯೇ ಎಂದು ಪ್ರತಿ ದಿನ ಕೇಳಬೇಕಾದವರು ಅವರೇ.

ಶುಲ್ಕ ಕಟ್ಟಲು ಕಷ್ಟವಿರುವ ಮನೆಗಳಿಗಾಗಿ ಅರ್ಜಿಯಲ್ಲೇ ಒಂದು ಚೌಕ ಇಟ್ಟಿದ್ದೇವೆ: 'ಪೂರ್ತಿ ಕಟ್ಟುತ್ತೇವೆ', 'ಅರ್ಧ', 'ಈ ಸಲ ಆಗುವುದಿಲ್ಲ'. ಕಾರಣ ಕೇಳುವುದಿಲ್ಲ, ದಾಖಲೆ ಕೇಳುವುದಿಲ್ಲ. ಉತ್ತರ ನೋಡುವವರು ಖಜಾಂಚಿ ಒಬ್ಬರೇ. ಕೋಚ್‌ಗೆ ಗೊತ್ತಾಗಬಾರದು, ಏಕೆಂದರೆ ಗೊತ್ತಾದ ಮೇಲೆ ಎಷ್ಟೇ ಒಳ್ಳೆಯವರ ನೋಟದಲ್ಲೂ ಒಂದು ಎಳೆ ಬದಲಾಗುತ್ತದೆ, ಅದು ಮಗುವಿಗೆ ತಿಳಿದುಬಿಡುತ್ತದೆ. ಇದರ ಜೊತೆಗೇ ಬೂಟು ಬದಲಾಯಿಸಿಕೊಳ್ಳುವ ಪೆಟ್ಟಿಗೆ. ಮಕ್ಕಳ ಕಾಲು ಬೂಟು ಸವೆಯುವುದಕ್ಕಿಂತ ಬೇಗ ಬೆಳೆಯುತ್ತದೆ. ಹಳೆಯದನ್ನು ತೊಳೆದು, ಒಣಗಿಸಿ, ನಾಲಗೆಯ ಒಳಬದಿಗೆ ಅಳತೆ ಬರೆದು, ಎರಡೂ ಬೂಟಿನ ದಾರ ಸೇರಿಸಿ ಗಂಟು ಹಾಕಿ ತರಬೇಕು. ಗಂಟು ಹಾಕದಿದ್ದರೆ ಮೂರನೇ ವಾರಕ್ಕೆ ಪೆಟ್ಟಿಗೆಯಲ್ಲಿ ಜೋಡಿಯಿಲ್ಲದ ಎಡಗಾಲುಗಳೇ ಉಳಿಯುತ್ತವೆ.

ಸ್ವಯಂಸೇವಕರನ್ನು ಹುಡುಕುವುದೂ ಅದೇ ಅರ್ಜಿಯಲ್ಲಿ. 'ನೀವು ಸಹಾಯ ಮಾಡಬಲ್ಲಿರಾ?' ಎಂದು ಕೇಳಿದರೆ ಬಹುತೇಕರು 'ನೋಡೋಣ' ಎನ್ನುತ್ತಾರೆ, ಆ 'ನೋಡೋಣ'ದಿಂದ ಒಂದು ಗೂಟವೂ ನೆಲಕ್ಕಿಳಿಯುವುದಿಲ್ಲ. ಕೆಲಸವನ್ನು ತುಂಡು ಮಾಡಿ, ಎದುರಿಗೆ ಸಮಯ ಬರೆದು ಕೊಟ್ಟರೆ ಅದೇ ಜನ ಒಪ್ಪುತ್ತಾರೆ: ಗೆರೆ ಎಳೆಯುವುದು, ತಿಂಗಳಿಗೆ ಎರಡು ಬೆಳಗ್ಗೆ, ಎರಡೆರಡು ಗಂಟೆ, ಚೆಂಡಿಗೆ ಗಾಳಿ ಹೊಡೆಯುವುದು, ವಾರಕ್ಕೆ ಅರ್ಧ ಗಂಟೆ, ತಂಡ ಗುರುತಿಸಲು ಜೆರ್ಸಿಯ ಮೇಲೆ ತೊಡಿಸುವ ಬಿಬ್‌ ಒಗೆಯುವುದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತುಂಬಿಸುವುದು, ರೆಫ್ರಿ ಹುಡುಗರ ಜೊತೆ ನಿಲ್ಲುವುದು. ಎಲ್ಲವನ್ನೂ ಒಬ್ಬರೇ ಹೊತ್ತ ಕ್ಲಬ್ಬುಗಳು ಆ ಒಬ್ಬರಿಗೆ ಸುಸ್ತಾದ ವರ್ಷ ನಿಂತುಹೋಗುತ್ತವೆ.

ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರ ಹಿನ್ನೆಲೆ ಪರಿಶೀಲನೆ ಮುಗಿಯದೆ ಮೈದಾನಕ್ಕೆ ಬಿಡುವುದಿಲ್ಲ. ಹತ್ತು ವರ್ಷದ ಪರಿಚಯವಿರಲಿ, ಅಧ್ಯಕ್ಷರ ತಮ್ಮನೇ ಆಗಿರಲಿ, ನಿಯಮ ಒಂದೇ. ತಂಡಕ್ಕೆ ಇಬ್ಬರು ದೊಡ್ಡವರು. ಮುಚ್ಚಿದ ಕೋಣೆಯಲ್ಲಾಗಲಿ ಗಾಡಿಯಲ್ಲಾಗಲಿ ಒಬ್ಬ ದೊಡ್ಡವರು ಒಂದೇ ಮಗುವಿನ ಜೊತೆ ಇರುವಂತಿಲ್ಲ. ಸಂದೇಶ ಕಳಿಸುವುದಿದ್ದರೆ ಪಾಲಕರ ಗುಂಪಿಗೆ, ಮಗುವಿಗೆ ನೇರವಾಗಿ ಅಲ್ಲ. ಕೊನೆಯ ಮಗುವನ್ನು ಕರೆದೊಯ್ಯಲು ಬರುವವರೆಗೂ ಇಬ್ಬರೂ ಉಳಿಯಬೇಕು. ತಪ್ಪುವುದು ಬಹಳ ಸಲ ಇಲ್ಲೇ: ಒಬ್ಬರಿಗೆ ಅವಸರ, 'ನೀವಿದ್ದೀರಲ್ಲ' ಎಂದು ಹೊರಟುಬಿಡುತ್ತಾರೆ.

ಇನ್ನು ತಂಡ ಮಾಡುವ ಲೆಕ್ಕ. 8–9 ವಯಸ್ಸಿನ 64 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಏಳು ತಂಡ ಮಾಡಿದರೆ ಒಂದೊಂದರಲ್ಲಿ 9 ಮಕ್ಕಳು, ಒಂದರಲ್ಲಿ ಮಾತ್ರ 10. ಆರು ತಂಡ ಮಾಡಿದರೆ ನಾಲ್ಕರಲ್ಲಿ 11, ಎರಡರಲ್ಲಿ 10. ಮೇಲ್ನೋಟಕ್ಕೆ ಏಳೇ ವಾಸಿ, 9 ಮಕ್ಕಳಿದ್ದರೆ ತಲೆಗೆ ಸುಮಾರು 39 ನಿಮಿಷ. ಆದರೆ ಏಳು ಬೆಸಸಂಖ್ಯೆ. ಪ್ರತಿ ವಾರ ಒಂದು ತಂಡಕ್ಕೆ ಎದುರಾಳಿ ಇರುವುದಿಲ್ಲ. ಏಳು ವಾರದಲ್ಲಿ ಆರೇ ಪಂದ್ಯ. ಸರಾಸರಿ ತೆಗೆದರೆ ವಾರಕ್ಕೆ 33 ನಿಮಿಷಕ್ಕೆ ಇಳಿಯುತ್ತದೆ. ಆರು ತಂಡದ ಲೆಕ್ಕದಲ್ಲಿ 11 ಮಕ್ಕಳಿದ್ದ ಕಡೆಯೂ 32 ನಿಮಿಷ ಸಿಗುತ್ತದೆ. ವ್ಯತ್ಯಾಸ ಅಷ್ಟೇ. ಅದಕ್ಕಾಗಿ ಇನ್ನೂ ಇಬ್ಬರು ಕೋಚ್‌ ಬೇಕು, ಜೊತೆಗೆ 9 ಮಕ್ಕಳ ತಂಡದಲ್ಲಿ ಮೂವರಿಗೆ ಜ್ವರ ಬಂದರೆ ಆ ವಾರ ತಂಡವೇ ಪೂರ್ತಿಯಾಗುವುದಿಲ್ಲ. ನಾವು ಆರಕ್ಕೇ ನಿಲ್ಲುತ್ತೇವೆ. ಆರು ತಂಡ ಎಲ್ಲರೊಡನೆ ಒಂದೊಂದು ಸಲ ಆಡಿದರೆ 5 ವಾರ, 15 ಪಂದ್ಯ. ಎರಡು ಸುತ್ತಿಗೆ 10 ವಾರ, 30 ಪಂದ್ಯ. ವೇಳಾಪಟ್ಟಿ ಬರೆಯಲು ಯಾವ ತಂತ್ರಾಂಶವೂ ಬೇಕಿಲ್ಲ: ಒಂದನೇ ತಂಡವನ್ನು ಜಾಗದಲ್ಲೇ ಇಟ್ಟು ಉಳಿದ ಐದನ್ನು ವಾರಕ್ಕೊಂದು ಮನೆ ತಿರುಗಿಸುತ್ತಾ ಹೋಗಿ. ಮೊದಲ ವಾರ 1-6, 2-5, 3-4. ಎರಡನೇ ವಾರ 1-5, 6-4, 2-3. ಹೀಗೆ ಐದು ವಾರಕ್ಕೆ ಸುತ್ತು ತಾನೇ ಪೂರ್ತಿಯಾಗುತ್ತದೆ.

ಯಾವ ಮಗು ಯಾವ ತಂಡಕ್ಕೆ ಎಂಬುದನ್ನು ಎರಡು ದಿನ ಮೈದಾನದಲ್ಲಿ ಆಡಿಸಿ ನೋಡಿ ತೀರ್ಮಾನಿಸುತ್ತೇವೆ. ಎಲ್ಲರನ್ನೂ ಬೆರೆಸಿ ಆಡಿಸಿ, ಮೂವರು ಬೇರೆ ಬೇರೆಯಾಗಿ ಅಂಕ ಹಾಕಿ, ಹಾವಿನ ನಡೆಯಲ್ಲಿ ಹಂಚುವುದು: ಮೊದಲ ಆರು ಮಕ್ಕಳು 1ರಿಂದ 6ನೇ ತಂಡಕ್ಕೆ, ಮುಂದಿನ ಆರು 6ರಿಂದ 1ಕ್ಕೆ. ಒಂದು ಎಚ್ಚರಿಕೆ ಇಲ್ಲಿ ತುಂಬಾ ಮುಖ್ಯ. ವಯೋಮಿತಿಯ ಗಡಿ ಜನವರಿ 1 ಆಗಿದ್ದರೆ, ಜನವರಿಯಲ್ಲಿ ಹುಟ್ಟಿದ ಮಗು ಅದೇ ವರ್ಷದ ಡಿಸೆಂಬರಿನ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ಎಂಟರ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಆಯುಷ್ಯದ ಎಂಟನೇ ಒಂದು ಭಾಗ. ದೊಡ್ಡ ಕ್ಲಬ್ಬುಗಳ ಆಯ್ಕೆ ಪಟ್ಟಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿರುವುದು ಬಹಳ ದೇಶಗಳಲ್ಲಿ ಕಂಡುಬಂದ ಸಂಗತಿ. ಅದು ಪ್ರತಿಭೆಯಲ್ಲ, ಎತ್ತರ ಮತ್ತು ತೂಕ. ಅದಕ್ಕೇ ಅಂಕದ ಹಾಳೆಯಲ್ಲಿ ಹುಟ್ಟಿದ ತಿಂಗಳನ್ನೂ ಬರೆದಿರುತ್ತೇವೆ. 'ಈ ಹುಡುಗಿ ನಿಧಾನ' ಎಂದು ಬರೆಯುವ ಮುಂಚೆ ಕಣ್ಣು ಪಕ್ಕದ ಕಾಲಮ್ಮಿಗೆ ಹೋಗಲಿ ಎಂದು.

ಮೈದಾನದ ಕೆಲಸಕ್ಕೆ ಬರೋಣ. ಏಳರ ಆಟಕ್ಕೆ ನಾವು ಹಾಕುವ ಅಳತೆ 55 × 35 ಮೀಟರ್. ಇಬ್ಬರು ಸಾಕು, ಮೂವರಿದ್ದರೆ ಅನುಕೂಲ. ಬೇಕಾದದ್ದು 100 ಮೀಟರಿನ ಒಂದು, 30 ಮೀಟರಿನ ಒಂದು ಫೈಬರ್‌ಗ್ಲಾಸ್ ಟೇಪು, 8 ಗೂಟ, ಹುರಿ, ಸುತ್ತಿಗೆ. ಅಳೆಯುವುದಕ್ಕೆ ನೈಲಾನ್ ಹಗ್ಗ ಬಳಸಬೇಡಿ, ಎಳೆದಷ್ಟೂ ಹಿಗ್ಗುತ್ತದೆ. ಮೊದಲು ಉದ್ದದ ಪಕ್ಕಗೆರೆ: ಒಂದು ಮೂಲೆಗೆ ಗೂಟ, 55 ಮೀಟರಿಗೆ ಇನ್ನೊಂದು, ನಡುವೆ ಹುರಿ ಬಿಗಿಯಾಗಿ. ಈಗ ಮೂಲೆಯಲ್ಲಿ ಲಂಬ ತೆಗೆಯಬೇಕು. ಶಾಲೆಯಲ್ಲಿ ಕಲಿತ 3-4-5ರ ತ್ರಿಕೋನವೇ ಸಾಕು, ಆದರೆ ಅದನ್ನು ಮೂರು ಪಟ್ಟು ದೊಡ್ಡದು ಮಾಡಿ. ಹುರಿಯ ಮೇಲೆ ಮೂಲೆಯಿಂದ 12 ಮೀಟರಿಗೆ ಗುರುತು. ಮೂಲೆಯಿಂದ 9 ಮೀಟರ್, ಆ ಗುರುತಿನಿಂದ 15 ಮೀಟರ್ ಟೇಪು ಎಳೆದು ಎರಡೂ ಸೇರುವಲ್ಲಿ ಗೂಟ. ದೊಡ್ಡದೇಕೆಂದರೆ, 3 ಮೀಟರಿನ ಬಾಹುವಿನಲ್ಲಿ 5 ಸೆಂ.ಮೀ. ತಪ್ಪಿದರೆ 35 ಮೀಟರ್ ದೂರದಲ್ಲಿ ಅದು 58 ಸೆಂ.ಮೀ. ಆಗುತ್ತದೆ. 9 ಮೀಟರಿನ ಬಾಹುವಿನಲ್ಲಿ ಅಷ್ಟೇ ತಪ್ಪು 20 ಸೆಂ.ಮೀ. ಒಳಗೆ ನಿಲ್ಲುತ್ತದೆ.

ನಾಲ್ಕು ಮೂಲೆಯೂ ಆದ ಮೇಲೆ ಕರ್ಣ ಅಳೆಯದೆ ಬಣ್ಣದ ಡಬ್ಬಿ ತೆರೆಯಬೇಡಿ. 55 × 35ಕ್ಕೆ ಎರಡೂ ಕರ್ಣ 65.19 ಮೀಟರ್ ಬರಬೇಕು. ಒಂದು ಉದ್ದ ಒಂದು ಗಿಡ್ಡ ಬಂದರೆ ಮೈದಾನ ಓರೆಯಾಗಿದೆ ಎಂದರ್ಥ. ದೂರದ ಪಕ್ಕಗೆರೆಯ ಎರಡೂ ಗೂಟಗಳನ್ನು ಒಟ್ಟಿಗೆ, ಉದ್ದದ ಕರ್ಣ ಕುಗ್ಗುವ ದಿಕ್ಕಿಗೆ ಸರಿಸಿ, 30 ಸೆಂ.ಮೀ. ವ್ಯತ್ಯಾಸಕ್ಕೆ ಸುಮಾರು 18 ಸೆಂ.ಮೀ. ಸರಿಸಿದರೆ ಸರಿಹೋಗುತ್ತದೆ. ಒಮ್ಮೆ ಸರಿಯಾದ ಮೂಲೆಗಳನ್ನು ಕಳೆದುಕೊಳ್ಳಬಾರದು: ಪ್ಲಾಸ್ಟಿಕ್ ಎಳೆಗಳ ಗುರುತನ್ನು ನೆಲಮಟ್ಟಕ್ಕೆ ಹೂತುಬಿಡುತ್ತೇವೆ. ಕಬ್ಬಿಣದ ಮೊಳೆ ಎಂದಿಗೂ ಬೇಡ. ಮಳೆ ಮಣ್ಣು ಕೊಚ್ಚಿದಾಗ ಅದರ ತಲೆ ಮೇಲೆ ಬರುತ್ತದೆ.

ಗೆರೆಯ ಅಗಲ 12 ಸೆಂ.ಮೀ. ಮೀರಬಾರದು ಎಂಬುದು ಆಟದ ನಿಯಮ. ಗೋಲುಗೆರೆಯ ಅಗಲ ಕಂಬದ ದಪ್ಪದಷ್ಟೇ ಇರಬೇಕು. ಬಳಿಯುವುದಕ್ಕೆ ನೀರಿನಲ್ಲಿ ಕರಗುವ ಬಣ್ಣ ಇಲ್ಲವೇ ಸೀಮೆಸುಣ್ಣದ ಪುಡಿ. ಗೋಡೆಗೆ ಬಳಿಯುವ ಅರಳಿದ ಸುಣ್ಣ ಅಗ್ಗ, ಬಿಳುಪೂ ಹೆಚ್ಚು, ಆದರೆ ಅದು ಕ್ಷಾರ. ಬೆವರು, ಮಳೆನೀರು ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮಕ್ಕಳು ಗೆರೆಯ ಮೇಲೆ ಬೀಳುತ್ತಾರೆ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾರೆ. ಹಳೆಯ ಮೂಟೆ ಉಗ್ರಾಣದಲ್ಲಿ ಬಿದ್ದಿದ್ದರೆ ಅದನ್ನು ಮುಗಿಸೋಣ ಎಂಬ ಯೋಚನೆಯೂ ಬೇಡ.

ಗೋಲುಪೆಟ್ಟಿಗೆಯ ವಿಷಯದಲ್ಲಿ ನಾವು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಒಯ್ಯಬಹುದಾದ ಗೋಲುಪೆಟ್ಟಿಗೆಯ ಭಾರವೆಲ್ಲ ಮುಂದಿನ ಕಂಬ ಮತ್ತು ಅಡ್ಡಪಟ್ಟಿಯಲ್ಲಿರುತ್ತದೆ. ಹಿಂದೆ ಹಿಡಿತವಿಲ್ಲದಿದ್ದರೆ ಒಂದು ಮಗು ಅಡ್ಡಪಟ್ಟಿಗೆ ಜೋತುಬಿದ್ದರೆ ಸಾಕು, ಮುಂದಕ್ಕೆ ಉರುಳುತ್ತದೆ. ಹೀಗೆ ಉರುಳಿದ ಪೆಟ್ಟಿಗೆಗಳ ಕೆಳಗೆ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ, ಒಂದಲ್ಲ ಹಲವು ದೇಶಗಳಲ್ಲಿ. ಆದ್ದರಿಂದ ಮೊದಲು ಹಿಂದಿನ ಪಟ್ಟಿಗೆ ನಾಲ್ಕು ಗೂಟ, ಗಟ್ಟಿ ನೆಲವಾದರೆ ತಯಾರಕರು ಹೇಳಿದ ತೂಕದ ಮರಳು ಚೀಲ. ಆಮೇಲೆ ಪರೀಕ್ಷೆ: ಒಬ್ಬರು ಅಡ್ಡಪಟ್ಟಿ ಹಿಡಿದು ಮುಂದಕ್ಕೆ ಎಳೆಯುವುದು, ಇನ್ನೊಬ್ಬರು ಹಿಂದಿನ ಪಟ್ಟಿ ನೆಲದಿಂದ ಎದ್ದಿತೇ ಎಂದು ನೋಡುವುದು. ಕೂದಲೆಳೆಯಷ್ಟು ಎದ್ದರೂ ಆಟ ಶುರುವಾಗುವುದಿಲ್ಲ. ಮಳೆ ಬಂದ ಮರುದಿನ ನೆಲ ಮೆತ್ತಗಾಗಿ ಗೂಟ ಸಡಿಲವಾಗಿರುತ್ತದೆ, ಹಿಂದಿನ ವಾರ ಬಿಗಿಯಾಗಿತ್ತು ಎಂದು ನಂಬಿ ಕೂರಬಾರದು. ಬಲೆ ಸಿಕ್ಕಿಸಲು ಕಬ್ಬಿಣದ ಕೊಕ್ಕೆಗಳ ಬದಲು ಪ್ಲಾಸ್ಟಿಕ್ ಕ್ಲಿಪ್ಪು. ಕೊಕ್ಕೆಗೆ ಬೆರಳು, ಉಂಗುರ ಸಿಕ್ಕಿಕೊಂಡು ಆಗುವ ಗಾಯ ಸಣ್ಣದಲ್ಲ. ಪೆಟ್ಟಿಗೆಯನ್ನು ಎತ್ತಿ ಸಾಗಿಸುವುದು ದೊಡ್ಡವರ ಕೆಲಸ. 'ಅಂಕಲ್, ನಾವೂ ಹಿಡೀತೀವಿ' ಎಂದು ಮಕ್ಕಳು ಓಡಿಬರುತ್ತಾರೆ. ಆ ಉತ್ಸಾಹಕ್ಕೆ ಕೋನ್ ಜೋಡಿಸುವ ಕೆಲಸ ಕೊಡಿ.

ಚೆಂಡಿನ ಬಗ್ಗೆ ಚುಟುಕಾಗಿ. ಏಳು ವರ್ಷದವರೆಗೆ 3ನೇ ಅಳತೆ, ಎಂಟರಿಂದ ಹನ್ನೆರಡರವರೆಗೆ 4, ಅಲ್ಲಿಂದ ಮುಂದೆ 5. ಐದನೇ ಅಳತೆಯ ಚೆಂಡಿನ ಸುತ್ತಳತೆ 68–70 ಸೆಂ.ಮೀ., ತೂಕ 410–450 ಗ್ರಾಂ; ಆರು ವರ್ಷದ ಮಗುವಿಗೆ ಅದನ್ನು ಕೊಟ್ಟರೆ ಕಾಲುಬೆರಳಿನ ತುದಿಯಿಂದ ಒದೆಯುವ ಚಟ ಅಂಟಿಕೊಳ್ಳುತ್ತದೆ. ಗಾಳಿ ಹೊಡೆಯುವ ಮುಂಚೆ ಸೂಜಿಯನ್ನು ಒದ್ದೆ ಮಾಡಿ. ಒಣ ಸೂಜಿ ವಾಲ್ವನ್ನು ಹರಿಯುತ್ತದೆ, ಆಮೇಲೆ ಆ ಚೆಂಡು ಪ್ರತಿ ವಾರ ಮೆತ್ತಗಾಗುತ್ತಲೇ ಇರುತ್ತದೆ.

ಅಭ್ಯಾಸದ ಗಂಟೆಯ ಬಗ್ಗೆ ಮಾತ್ರ ಚುಟುಕಾಗಿ ಹೇಳಲಾಗದು. ಹೊಸ ಕೋಚ್ ಮಾಡುವ ಮೊದಲ ತಪ್ಪು ಸಾಲು. ಹನ್ನೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದು ಚೆಂಡು ಇಟ್ಟು, ಒಬ್ಬೊಬ್ಬರೇ ಬಂದು ಗೋಲಿಗೆ ಹೊಡೆಯಲಿ ಎನ್ನುತ್ತಾರೆ. ನೋಡಲು ಶಿಸ್ತಾಗಿ ಕಾಣುತ್ತದೆ. ಗಡಿಯಾರ ಹಿಡಿದು ನೋಡಿ: ಒಂದು ಹೊಡೆತ, ಚೆಂಡು ಹುಡುಕಿ ತರುವುದು, ಎಲ್ಲ ಸೇರಿ 18 ಸೆಕೆಂಡು. ಹನ್ನೆರಡು ಮಕ್ಕಳಿಗೆ ಮೂರೂವರೆ ನಿಮಿಷ. ಹತ್ತು ನಿಮಿಷದಲ್ಲಿ ಒಂದು ಮಗುವಿಗೆ ಸಿಗುವುದು ಮೂರು ಒದೆತ. ಉಳಿದ ಒಂಬತ್ತು ನಿಮಿಷ ಆ ಮಗು ಹುಲ್ಲು ಕೀಳುತ್ತದೆ, ಮುಂದಿನವನ ಜೆರ್ಸಿ ಎಳೆಯುತ್ತದೆ, ಬಯ್ಯಿಸಿಕೊಳ್ಳುತ್ತದೆ. ಮಗುವಿನದು ತಪ್ಪಲ್ಲ, ಸಾಲಿನದು.

ಅದೇ ಹನ್ನೆರಡು ಮಕ್ಕಳಿಗೆ ಹನ್ನೆರಡು ಚೆಂಡು ಕೊಡಿ. 20 × 20 ಮೀಟರಿನ ಚೌಕದಲ್ಲಿ ಎಲ್ಲರೂ ತಮ್ಮ ಚೆಂಡನ್ನು ಕಾಲಲ್ಲೇ ಹಿಡಿದು ಓಡಾಡಲಿ. ಕೋಚ್ ಕೈ ಎತ್ತಿದಾಗ ಅಂಗಾಲಿನಿಂದ ಚೆಂಡು ನಿಲ್ಲಿಸಬೇಕು, ಕೈಯ ಬೆರಳು ಎಷ್ಟು ಎಂದು ಕೂಗಿ ಹೇಳಬೇಕು. ಬೆರಳು ಎಣಿಸಲು ತಲೆ ಎತ್ತಲೇಬೇಕಲ್ಲ, ಈ ಆಟದ ಗುಟ್ಟು ಅದೇ. 'ತಲೆ ಎತ್ತಿ ಆಡು' ಎಂದು ನೂರು ಸಲ ಕೂಗಿದರೂ ಬಾರದ ಅಭ್ಯಾಸ ಇದರಿಂದ ಮೂರು ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಎರಡು ಪುಟ್ಟ ಮೈದಾನದಲ್ಲಿ ಮೂವರ ವಿರುದ್ಧ ಮೂವರು, ಗೋಲಿ (ಗೋಲ್‌ಕೀಪರ್) ಇಲ್ಲದೆ, ಕೋನ್‌ಗಳ ಗೋಲು. ಆರು ವರ್ಷದವರಿಗೆ ಒಟ್ಟು 45 ನಿಮಿಷ ಸಾಕು: 10 ನಿಮಿಷ ಓಡಾಟ, 15 ನಿಮಿಷ ಚೆಂಡಿನ ಆಟ, 20 ನಿಮಿಷ ಪಂದ್ಯ. ಕೋಚ್ ಮಾತು ಒಂದು ಸಲಕ್ಕೆ ಅರ್ಧ ನಿಮಿಷ ದಾಟಬಾರದು. ಮಾತಾಡುವಾಗ ಸೂರ್ಯ ಕೋಚ್‌ನ ಮುಖಕ್ಕೆ ಬೀಳಲಿ, ಮಕ್ಕಳ ಕಣ್ಣಿಗೆ ಬೇಡ.

ಏಳರಿಂದ ಹದಿಮೂರರವರಿಗೆ ಮೈ ಬಿಸಿ ಮಾಡಲು 'ಫಿಫಾ 11+ ಕಿಡ್ಸ್' ಬಳಸುತ್ತೇವೆ. ಏಳು ವ್ಯಾಯಾಮ: ಒಂಟಿಕಾಲಿನ ನಿಲುವು, ಜಿಗಿತ, ತೋಳು-ಬೆನ್ನಿನ ಬಲ, ಬೀಳುವಾಗ ಉರುಳುವ ಬಗೆ. ನಾಲ್ಕು ಯುರೋಪಿಯನ್ ದೇಶಗಳ ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಮಾಡಿದ ತಂಡಗಳಲ್ಲಿ ಗಾಯದ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಬಿಡದೆ ಮಾಡುತ್ತಾ ಹೋದರೆ ಮಾತ್ರ ಫಲ. ಪಂದ್ಯಕ್ಕೆ ತಡವಾಯಿತೆಂದು ಮೊದಲು ಬಿಟ್ಟುಬಿಡುವುದೂ ಇದನ್ನೇ, ಬಿಡಬೇಡಿ. ತಲೆಯಿಂದ ಚೆಂಡು ಹೊಡೆಯುವುದನ್ನು ಹತ್ತರ ಒಳಗಿನವರಿಗೆ ನಾವು ಹೇಳಿಕೊಡುವುದೇ ಇಲ್ಲ. ಅಮೆರಿಕದ ಒಕ್ಕೂಟ 2015ರಲ್ಲಿ ಈ ನಿರ್ಬಂಧ ಪ್ರಕಟಿಸಿತು. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಒಕ್ಕೂಟಗಳೂ ಪ್ರಾಥಮಿಕ ಶಾಲೆಯ ವಯಸ್ಸಿನವರ ಅಭ್ಯಾಸದಿಂದ ಅದನ್ನು ತೆಗೆದವು.

ಈಗ ಪಂದ್ಯದ ದಿನ, ಆ 35 ನಿಮಿಷ. ಒಳ್ಳೆಯ ಮನಸ್ಸಿನ ಕೋಚ್ ಕೂಡ ಅಂದಾಜಿನಲ್ಲಿ ಬದಲಿ ಮಾಡಿದರೆ ಕೆಲವು ಮಕ್ಕಳಿಗೆ 45 ನಿಮಿಷ, ಕೆಲವರಿಗೆ 20 ನಿಮಿಷ ಬರುತ್ತದೆ. ಕೂತ ಮಗು ಕೇಳುವುದಿಲ್ಲ, ಕೋಚ್‌ಗೆ ನೆನಪಾಗುವುದಿಲ್ಲ. ಹಾಗಾಗಿ ಪಂದ್ಯದ ಹಿಂದಿನ ರಾತ್ರಿಯೇ ಚೀಟಿ ಬರೆಯಬೇಕು. 50 ನಿಮಿಷವನ್ನು 5 ನಿಮಿಷದ 10 ತುಂಡು ಮಾಡಿ. ಹತ್ತು ಮಕ್ಕಳಿಗೆ ಸಂಖ್ಯೆ ಕೊಡಿ. ಮೊದಲ ತುಂಡಿನಲ್ಲಿ 1, 2, 3 ಕೂರುತ್ತಾರೆ, ಎರಡನೆಯದರಲ್ಲಿ 4, 5, 6, ಮೂರನೆಯದರಲ್ಲಿ 7, 8, 9, ನಾಲ್ಕನೆಯದರಲ್ಲಿ 10, 1, 2, ಹೀಗೇ ಮುಂದೆ. ಹತ್ತನೇ ತುಂಡಿಗೆ 8, 9, 10 ಕೂತಾಗ ಸುತ್ತು ಸರಿಯಾಗಿ ಮುಗಿದಿರುತ್ತದೆ, ಪ್ರತಿಯೊಬ್ಬರೂ ಮೂರು ತುಂಡು ಕೂತು ಏಳು ತುಂಡು ಆಡಿರುತ್ತಾರೆ. ಗೋಲಿಯನ್ನು ಅವಧಿಗೊಬ್ಬರಂತೆ ಇಡುವುದಾದರೆ, ಮೊದಲ ಅವಧಿಯ ಗೋಲಿ ಎರಡನೆಯದರಲ್ಲಿ ಮೂರು ತುಂಡು ಕೂರಬೇಕು, ಎರಡನೆಯ ಅವಧಿಯ ಗೋಲಿ ಮೊದಲನೆಯದರಲ್ಲಿ ಮೂರು ತುಂಡು. ಉಳಿದ ಎಂಟು ಮಂದಿಗೆ ಅವಧಿಗೆ 12 ಕೂರುವ ಸರದಿ ಹಂಚಿದರೆ ಅವರಿಗೂ ತಲಾ ಮೂರೇ ಬರುತ್ತದೆ. ಒಂದು ಮಗು ಬರದಿದ್ದರೆ ಒಂಬತ್ತರಲ್ಲಿ ಏಳು ಮಂದಿಗೆ 8 ತುಂಡು, ಇಬ್ಬರಿಗೆ 7. ಆ ಇಬ್ಬರ ಹೆಸರು ಬರೆದಿಟ್ಟುಕೊಳ್ಳಿ, ಮುಂದಿನ ವಾರ ಅವರಿಗೆ 7 ಬರಬಾರದು.

ಈ ಚೀಟಿ ಕೈಗೆ ಬಂದ ಮೇಲೆ ಕೋಚ್ ಹತ್ತಿರ ನಿಂತು ಸಮಯ ನೋಡಲು ಪಾಲಕರೊಬ್ಬರು ಬೇಕು. ಕೋಚ್ ಆಟ ನೋಡುತ್ತಾ ಗಡಿಯಾರವನ್ನೂ ನೋಡಲಾರರು. 2–2 ಆಗಿ ಕೊನೆಯ ಐದು ನಿಮಿಷ ಇರುವಾಗ ಚೀಟಿಯ ಪ್ರಕಾರ ತಂಡದ ವೇಗದ ಹುಡುಗ ಕೂರಬೇಕಾಗಿ ಬರುತ್ತದೆ. ಆಗ ಚೀಟಿಯನ್ನು ಪಾಲಿಸುವ ಕೋಚ್‌ನ ಪರವಾಗಿ ಇಡೀ ಕ್ಲಬ್ ನಿಲ್ಲಬೇಕು. ಗೆರೆಯಾಚೆಯಿಂದ ಯಾರು ಏನೇ ಕೂಗಲಿ.

ಕೂಗಿನ ಮಾತು ಬಂತು. ಏಳರ ಆಟಕ್ಕೆ ನಮ್ಮ ರೆಫ್ರಿಗಳು ಕ್ಲಬ್ಬಿನಲ್ಲೇ ಬೆಳೆದ 14–15ರ ಹುಡುಗ ಹುಡುಗಿಯರು. ಅವರು ಬಿಟ್ಟುಹೋಗುವುದು ಓಡಿ ದಣಿದು ಅಲ್ಲ, ದೊಡ್ಡವರ ಬಾಯಿಗೆ ಬೇಸತ್ತು. ಹೊಸ ರೆಫ್ರಿಯ ತೋಳಿಗೆ ಬಣ್ಣದ ಪಟ್ಟಿ ಕಟ್ಟಿ, ಮೊದಲ ಆರು ಪಂದ್ಯಕ್ಕೆ ಅನುಭವಿಯೊಬ್ಬರನ್ನು ಗೆರೆಯ ಪಕ್ಕ ನಿಲ್ಲಿಸುತ್ತೇವೆ. ಪಾಲಕರು ರೆಫ್ರಿಯ ಮೇಲೆ ಕೂಗಿದರೆ ಉತ್ತರ ಕೊಡುವುದು ರೆಫ್ರಿಯ ಕೆಲಸವಲ್ಲ. ಆ ತಂಡದ ಕೋಚ್ ಆ ಪಾಲಕರ ಹತ್ತಿರ ಹೋಗಿ, ದನಿ ಏರಿಸದೆ ಹೇಳಬೇಕು: 'ಸರ್, ಅವಳಿನ್ನೂ ಕಲೀತಿದ್ದಾಳೆ. ಏನಿದ್ರೂ ಆಟ ಮುಗಿದ ಮೇಲೆ ನನಗೆ ಹೇಳಿ.' ಎರಡನೇ ಸಲಕ್ಕೆ ಆಟ ನಿಲ್ಲುತ್ತದೆ, ಅವರು ಮೈದಾನದಿಂದ ಹೊರಗೆ ಹೋದ ಮೇಲೆ ಮತ್ತೆ ಶುರು. ನಿಂತ ನಿಮಿಷಗಳು ಅವರ ಮಗುವಿನ ಪಾಲಿನಲ್ಲೂ ಕಡಿಮೆಯಾಗುತ್ತವೆ ಎಂದು ಸೀಸನ್ನಿನ ಮೊದಲೇ ಎಲ್ಲರಿಗೂ ತಿಳಿಸಿರುತ್ತೇವೆ.

ರೆಫ್ರಿ ಆಟಕ್ಕೆ ಮುಂಚೆ ನೋಡಬೇಕಾದದ್ದು: ಮೊಣಕಾಲಿನ ಕೆಳಗೆ ಕಟ್ಟುವ ಶಿನ್‌ಗಾರ್ಡ್ ಇದೆಯೇ, ಅದನ್ನು ಕಾಲುಚೀಲ ಪೂರ್ತಿ ಮುಚ್ಚಿದೆಯೇ, ಬೂಟಿನ ಅಡಿಯ ಸ್ಟಡ್ ಚೂಪಾಗಿ ಸವೆದಿಲ್ಲವೇ, ಮೈಮೇಲೆ ಒಡವೆ ಇಲ್ಲವೇ. ಕಿವಿಯೋಲೆಯ ಮೇಲೆ ಟೇಪು ಅಂಟಿಸಿ ಆಡುವಂತಿಲ್ಲ, ನಿಯಮದಲ್ಲೇ ಹಾಗೆ ಬರೆದಿದೆ. ಹೊಸದಾಗಿ ಕಿವಿ ಚುಚ್ಚಿಸಿದ ಮಗುವಿನ ಓಲೆ ತೆಗೆಯಲಾಗದೆ ಪ್ರತಿ ಸೀಸನ್ನಿನಲ್ಲೂ ಯಾರಾದರೊಬ್ಬರು ಅಳುತ್ತಾ ಕೂರಬೇಕಾಗುತ್ತದೆ. ಅದಕ್ಕೇ ನೋಂದಣಿಯ ಅರ್ಜಿಯಲ್ಲೇ ಈಗ ಬರೆದಿದ್ದೇವೆ: ಚುಚ್ಚಿಸುವುದಿದ್ದರೆ ಸೀಸನ್ ಮುಗಿದ ಮರುದಿನ ಚುಚ್ಚಿಸಿ.

ತಲೆಗೆ ಪೆಟ್ಟು ಬಿದ್ದು ಮಗು ಮಂಕಾಗಿದ್ದರೆ, ತಲೆನೋವು, ವಾಕರಿಕೆ ಎಂದರೆ, ಸ್ಕೋರ್ ಎಷ್ಟು ಎಂದು ಹೇಳಲು ತಡವರಿಸಿದರೆ, ಅಂದು ಆ ಮಗುವಿನ ಆಟ ಮುಗಿಯಿತು. ಹತ್ತು ನಿಮಿಷ ಕೂತು 'ಈಗ ಸರಿಯಿದ್ದೀನಿ' ಎಂದರೂ ಒಳಗೆ ಬಿಡುವಂತಿಲ್ಲ. ಅನುಮಾನ ಬಂದರೆ ಸಾಕು, ಖಚಿತವಾಗುವವರೆಗೆ ಕಾಯಬಾರದು. ವೈದ್ಯರು ನೋಡಿ, ಹಂತಹಂತವಾಗಿ ಮರಳಬೇಕು. ಮಿಂಚಿಗೆ ನಮ್ಮದು 30-30ರ ಲೆಕ್ಕ: ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ, ಎಲ್ಲರೂ ಕಟ್ಟಡದೊಳಕ್ಕೆ, ಮರದ ಕೆಳಕ್ಕಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆದ ಮೇಲೆ ಆಟ. ನಡುವೆ ಇನ್ನೊಂದು ಗುಡುಗಿದರೆ ಎಣಿಕೆ ಮತ್ತೆ ಮೊದಲಿಂದ.

ಹಣದ ಕೆಲಸದಲ್ಲಿ ಹೇಳಬೇಕಾದ್ದು ಕಡಿಮೆ, ಪಾಲಿಸಬೇಕಾದ್ದು ಕಟ್ಟುನಿಟ್ಟು. ನಗದು ಎಣಿಸುವುದು ಇಬ್ಬರು, ಚೆಕ್ಕಿಗೆ ಎರಡು ಸಹಿ, ರಸೀದಿ ಇಲ್ಲದೆ ಒಂದು ಸೂಜಿಗೂ ಹಣ ವಾಪಸ್ ಇಲ್ಲ, ತಿಂಗಳಿಗೊಮ್ಮೆ ಲೆಕ್ಕ ಎಲ್ಲ ಪಾಲಕರ ಕಣ್ಣಿಗೆ. ಒಳ್ಳೆಯ ಖಜಾಂಚಿಯನ್ನು ಕಾಪಾಡುವುದೇ ಈ ನಿಯಮಗಳು. ಅನುಮಾನದ ಮಾತು ಹುಟ್ಟಲು ಎಡೆಯೇ ಇರುವುದಿಲ್ಲ.

ಕೊನೆಯ ಪಂದ್ಯದ ಸಂಜೆ ಬಿಚ್ಚುವ ಕೆಲಸ. ಬಲೆ ಬಿಚ್ಚಿ, ಒಣಗಿಸಿ, ತೂಗುಹಾಕಬೇಕು. ಒದ್ದೆಯಾಗಿ ಸುತ್ತಿಟ್ಟರೆ ಕೊಳೆತ ವಾಸನೆಯ ಜೊತೆ ಇಲಿಯೂ ಬರುತ್ತದೆ. ಚೆಂಡುಗಳಿಂದ ಸ್ವಲ್ಪ ಗಾಳಿ ಬಿಟ್ಟು, ನೆರಳಿನಲ್ಲಿ ಇಡಬೇಕು. ಗೋಲುಪೆಟ್ಟಿಗೆಗಳನ್ನು ಮುಖಕ್ಕೆ ಮುಖ ತಾಗಿಸಿ ನಿಲ್ಲಿಸಿ ಸರಪಳಿ ಹಾಕಿ ಬೀಗ, ಏಕೆಂದರೆ ನಾವಿಲ್ಲದ ತಿಂಗಳುಗಳಲ್ಲೂ ಮಕ್ಕಳು ಅಲ್ಲಿಗೆ ಆಡಲು ಬರುತ್ತಾರೆ. ಆಮೇಲೆ ಗೂಟದ ಎಣಿಕೆ. ಒಂದು ಪೆಟ್ಟಿಗೆಗೆ ನಾಲ್ಕರಂತೆ ಒಂದು ಮೈದಾನಕ್ಕೆ 8, ಎರಡು ಮೈದಾನಕ್ಕೆ 16. ಚೀಲದಲ್ಲಿ 15 ಇದ್ದರೆ ಯಾರೂ ಮನೆಗೆ ಹೊರಡುವುದಿಲ್ಲ. ಸಾಲಾಗಿ ನಿಂತು, ಟಾರ್ಚು ಹಿಡಿದು, ಗೋಲುಗೆರೆಯ ಹಿಂದಿನ ಹುಲ್ಲನ್ನು ಅಂಗೈಯಿಂದ ಸವರುತ್ತಾ ಹೋಗುತ್ತೇವೆ, ಹದಿನಾರನೆಯದು ಕೈಗೆ ತಾಗುವವರೆಗೆ.